ಗುಂಪಿಗೆ ಲಿಂಕು ಹಾಕೋದು ಬಿಡಿ, ಗೆಳೆಯನ ಕಿವಿ ನೋಡಿ ಹಾಡು ಕೊಡಿ

ಪ್ರಶ್ನೆ: ನಾನು ಮುದ್ದೇಬಿಹಾಳ ಕಡೆಯವನು. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ ಕೆಲಸ. ಟಿಳಕವಾಡಿಯಲ್ಲಿ ಗೆಳೆಯರ ಜೊತೆ ರೂಮು. ರಾತ್ರಿ ಇಂಡೀ ರಾಕ್, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಬ್ಯಾಂಡ್‌ಗಳ ಗಿಟಾರ್ ಸಂಗೀತ, ಕೇಳೋದು ನನ್ನ ಚಟ. ಕೇಳ್ತಾ ಕೇಳ್ತಾ ಹೊಸ ಹೊಸ ಬ್ಯಾಂಡ್ ಸಿಗುತ್ತವೆ. ಸಿಕ್ಕ ಕೂಡಲೇ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇನೆ. ಯಾರಾದರೂ ಒಂದು ಹೆಬ್ಬೆಟ್ಟು ಒತ್ತುತ್ತಾರೆ, ಅಷ್ಟೇ. ಕೇಳಿದ್ರಾ ಅಂದರೆ "ಆಮೇಲೆ ಕೇಳ್ತೀನಿ" ಅಂತಾರೆ. ಒಬ್ಬನಂತೂ "ಬರೇ ಗದ್ದಲ ಐತಿ, ಏನ್ ಹಾಡ್ತಾನ ತಿಳಿಯಂಗಿಲ್ಲ" ಅಂದ. ನಮ್ಮ ಭಾಗದಲ್ಲಿ ಇಂಥ ಸಂಗೀತ ಕೇಳೋರೇ ಇಲ್ವಾ? ಇದನ್ನು ಹಂಚಿಕೊಳ್ಳೋದು ಹೇಗೆ? ನಮ್ಮಂಥವರು ನಾಲ್ಕು ಜನ ಕೇಳಿದರೆ ಆ ಬ್ಯಾಂಡ್‌ಗಳಿಗೆ ಏನಾದರೂ ಉಪಯೋಗ ಇದೆಯಾ?

ಉತ್ತರ: ನಿಮ್ಮ ಗೆಳೆಯರ ತಪ್ಪು ಏನೂ ಇಲ್ಲ. ಆ ಗುಂಪಿಗೆ ಬೆಳಗ್ಗೆಯಿಂದ ಏನೆಲ್ಲ ಬಂದಿರುತ್ತದೆ ನೋಡಿ. ಶುಭೋದಯ, ಶಿಫ್ಟ್ ಬದಲಾದ ಸುದ್ದಿ, ಕ್ರಿಕೆಟ್ ಸ್ಕೋರು, ಯಾರದೋ ಮದುವೆ ಪತ್ರಿಕೆ. ಅದರ ನಡುವೆ ನಿಮ್ಮ ಲಿಂಕು. ಎಲ್ಲರಿಗೂ ಹಾಕಿದ್ದನ್ನು ತನಗೇ ಹಾಕಿದ್ದು ಅಂತ ಯಾರೂ ತಿಳಿಯೋದಿಲ್ಲ. ಆದ್ದರಿಂದ ಗುಂಪನ್ನು ಸದ್ಯಕ್ಕೆ ಮರೆತುಬಿಡಿ. ಒಬ್ಬ ಗೆಳೆಯ, ಒಂದು ಹಾಡು. ಅವನಿಗೇ ಯಾಕೆ ಕಳಿಸಿದಿರಿ ಅನ್ನೋದು ಎರಡು ಸಾಲಿನಲ್ಲಿ. ನನ್ನ ಉತ್ತರದ ಮುಕ್ಕಾಲು ಪಾಲು ಇಷ್ಟೇ. ಉಳಿದದ್ದೆಲ್ಲ ಅದನ್ನು ಮಾಡೋ ಬಗೆ.

ಮೊದಲು ಗೆಳೆಯ ಏನು ಕೇಳಿಕೊಂಡು ಬೆಳೆದಿದ್ದಾನೆ ಅಂತ ನೋಡಿ. ನಮ್ಮ ಕಡೆಯ ಕಿವಿ ಖಾಲಿ ಕಿವಿ ಅಲ್ಲ. ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ. ಬಾಗಲಕೋಟೆ ಕಡೆ ಹೋದರೆ ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದವರು ಸಿಗುತ್ತಾರೆ. ಹಳ್ಳಿಗಳಲ್ಲಿ ಭಜನೆ, ಡೊಳ್ಳಿನ ಪದ, ಗೀಗೀ ಪದ. ಶಹರದಲ್ಲಿ ಮರಾಠಿ ಅಭಂಗ, ಹಳೆಯ ಹಿಂದಿ ಸಿನಿಮಾ ಹಾಡು. ಗಣಪತಿ ಹಬ್ಬ ಬಂತೆಂದರೆ ಎದೆ ನಡುಗಿಸೋ ಡಾಲ್ಬಿ, ಅಂದರೆ ದೊಡ್ಡ ಸ್ಪೀಕರುಗಳ ಡಿಜೆ. ನಿಮ್ಮ ರೂಮಿನ ಒಬ್ಬೊಬ್ಬರೂ ಇದರಲ್ಲಿ ಯಾವುದೋ ಒಂದರಿಂದ ಬಂದವರೇ. ಯಾವುದರಿಂದ ಅಂತ ಗೊತ್ತಾದರೆ ಯಾವ ಹಾಡಿನಿಂದ ಶುರು ಮಾಡಬೇಕು ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಅಪ್ಪನ ಜೊತೆ ಕೂತು ಹಿಂದುಸ್ತಾನಿ ಕೇಳಿದ ಹುಡುಗನಿಗೆ ಮೂರು ನಿಮಿಷದ ಗಡಿಬಿಡಿ ಹಾಡು ಕೊಡಬೇಡಿ. ಅವನಿಗೆ ಕಾಯೋದು ಗೊತ್ತು. ವಿಲಂಬಿತದ ನಿಧಾನ ಲಯದಿಂದ ಸಾವಕಾಶ ಏರಿ ದ್ರುತದ ವೇಗಕ್ಕೆ ಬರೋದು ಗೊತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1995ರಲ್ಲಿ ಶುರುವಾದ ಮೊಗ್ವಾಯ್ ಬ್ಯಾಂಡ್, ಅಮೆರಿಕದ ಆಸ್ಟಿನ್‌ನ ಎಕ್ಸ್‌ಪ್ಲೋಶನ್ಸ್ ಇನ್ ದ ಸ್ಕೈ, ಇಂಥವರ ಸಂಗೀತದಲ್ಲಿ ಹೆಚ್ಚಾಗಿ ಹಾಡುಗಾರನೇ ಇರೋದಿಲ್ಲ. ಒಂದು ಸಣ್ಣ ಗಿಟಾರ್ ಎಳೆ ಹಿಡಿದು ಏಳೆಂಟು ನಿಮಿಷ ಬೆಳೆಸುತ್ತಾ ಹೋಗುತ್ತಾರೆ. ಆ ಹುಡುಗ ಅದನ್ನು ನಿಮಗಿಂತ ಬೇಗ ಹಿಡಿದರೆ ನನಗೆ ಆಶ್ಚರ್ಯ ಆಗೋದಿಲ್ಲ. ಹಳೆಯ ಹಿಂದಿ ಹಾಡಿನ ಗೆಳೆಯನಿಗೆ ದಿಲ್ಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಕೊಡಿ. ಹೆಸರು ಕೇಳಿ ಯಾವುದೋ ಕಂಪನಿ ಅನ್ಕೋಬೇಡಿ, ಅದು ಬ್ಯಾಂಡೇ. ಆ ಗಾಯಕನ ದನಿಯಲ್ಲಿ ಹಳೆಯ ಕಾಲದ ನಯ ಇದೆ. ತತ್ವಪದ, ಭಜನೆ ಕೇಳಿ ಬೆಳೆದವನಿಗೆ ದಾರಿ ಇನ್ನೂ ಹತ್ತಿರ. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರ್, ಡ್ರಮ್ಸ್ ಜೊತೆ ಹಾಡಿದ್ದು ಅವನಿಗೆ ಆಗಲೇ ಗೊತ್ತಿರಬಹುದು. ಅಲ್ಲಿಂದ ಸ್ವರಾತ್ಮ ಬ್ಯಾಂಡಿಗೆ, ಸ್ವರಾತ್ಮದಿಂದ ದಿಲ್ಲಿಯ ಇಂಡಿಯನ್ ಓಷನ್‌ಗೆ, ಆಮೇಲೆ ನಿಮ್ಮ ಹೊಸ ಬ್ಯಾಂಡಿಗೆ. ನಾಲ್ಕು ಮೆಟ್ಟಿಲು. ಒಂದೇ ಸಲಕ್ಕೆ ಹಾರಿಸಲು ಹೋಗಬೇಡಿ.

ಇನ್ನು ಆ ಗದ್ದಲ ಅಂದ ಗೆಳೆಯ. ನನಗೆ ಅವನೇ ಇಷ್ಟವಾದ. ಅವನೊಬ್ಬನೇ ಹಾಡು ಕೇಳಿದ್ದು ಅಲ್ವಾ! ಅವನ ದೂರು ಸರಿಯಾಗೇ ಇದೆ. ಸಿನಿಮಾ ಹಾಡಿನಲ್ಲಿ ದನಿ ಎಲ್ಲಕ್ಕಿಂತ ಮುಂದೆ ಇರುತ್ತದೆ, ವಾದ್ಯಗಳು ಹಿಂದೆ ನಿಲ್ಲುತ್ತವೆ. ಇಂಡೀ ರಾಕಿನ ಕೆಲವು ಬಗೆಗಳಲ್ಲಿ ದನಿಯನ್ನು ಬೇಕಂತಲೇ ಗಿಟಾರಿನ ಸಮಕ್ಕೆ ಇಳಿಸುತ್ತಾರೆ, ಕೆಲವೊಮ್ಮೆ ಅದರ ಒಳಗೇ ಹೂತುಬಿಡುತ್ತಾರೆ. ಡಬ್ಲಿನ್‌ನ ಮೈ ಬ್ಲಡಿ ವ್ಯಾಲೆಂಟೈನ್ 1991ರಲ್ಲಿ ತಂದ ಆಲ್ಬಂ ಕೇಳಿದರೆ ಇದು ಗೊತ್ತಾಗುತ್ತದೆ. ಇಂಗ್ಲಿಷ್ ಮಾತೃಭಾಷೆ ಆದವರಿಗೂ ಅಲ್ಲಿ ಮಾತು ಪೂರ್ತಿ ಸಿಗೋದಿಲ್ಲ. ದನಿ ಅಲ್ಲಿ ಇನ್ನೊಂದು ವಾದ್ಯ. ಇದನ್ನು ಮೊದಲೇ ಹೇಳಿಬಿಡಿ. "ಮಾತು ಸರಿಯಾಗಿ ಕೇಳಿಸೋದಿಲ್ಲ, ಅವರು ಹಾಗೇ ಮಾಡಿರೋದು, ಗಿಟಾರ್ ಕಡೆ ಕಿವಿ ಕೊಡು" ಅಂತ ಒಂದು ಸಾಲು ಬರೆದರೆ ಆ ದೂರಿನ ಅರ್ಧ ಜೀವ ಹೋಗುತ್ತದೆ. ಇಂಗ್ಲಿಷ್ ಬರೋದಿಲ್ಲ ಅನ್ನೋರಿಗೆ ನಾನು ಐಸ್‌ಲ್ಯಾಂಡಿನ ಸಿಗುರ್ ರೋಸ್ ಬ್ಯಾಂಡಿನದ್ದು ಕಳಿಸುತ್ತೇನೆ. 2002ರ ಅವರ ಆಲ್ಬಂ ಪೂರ್ತಿ ಇರೋದು ಅರ್ಥವೇ ಇಲ್ಲದ, ಅವರೇ ಕಟ್ಟಿಕೊಂಡ ಉಲಿಗಳಲ್ಲಿ. ಅದು ಅವರ ರಾಜಧಾನಿ ರೇಕ್ಯಾವಿಕ್‌ನವರಿಗೂ ತಿಳಿಯೋದಿಲ್ಲ, ಮುದ್ದೇಬಿಹಾಳದವರಿಗೂ ತಿಳಿಯೋದಿಲ್ಲ. ನಮ್ಮ ಗಡಿ ಊರಿನಲ್ಲಿ ಇದಕ್ಕೆ ಇನ್ನೊಂದು ಲಾಭವೂ ಇದೆ. ಕನ್ನಡದವನು, ಮರಾಠಿಯವನು, ಉರ್ದುವಿನವನು ಒಂದೇ ರೂಮಿನಲ್ಲಿ ಕೂತಾಗ ಯಾವ ಭಾಷೆಯ ಹಾಡು ಹಾಕೋದು ಅನ್ನೋ ಜಗಳವೇ ಇಲ್ಲ.

ಈಗ ಬರೆಯೋ ವಿಷಯ. "ಬೆಂಕಿ ಸಾಂಗ್", "ಮಸ್ತ್ ಐತಿ", "ಮಿಸ್ ಮಾಡ್ಕೋಬೇಡ" ಅಂತ ಬರೆದರೆ ಯಾರಿಗೂ ಏನೂ ತಿಳಿಯೋದಿಲ್ಲ. ಎಲ್ಲ ಹಾಡಿಗೂ ಅದನ್ನೇ ಬರೆಯುತ್ತಾರೆ. ನಿಮಗೆ ಎಲ್ಲಿ ಝುಂ ಅಂತು ಅನ್ನೋದನ್ನು ಬರೆಯಿರಿ. ಹಾಡಿನ ಯಾವ ಹೊತ್ತಿನಲ್ಲಿ, ಏನಾಗುತ್ತದೆ. ಡಾಲ್ಬಿ ಮುಂದೆ ಕುಣಿಯೋ ಗೆಳೆಯನಿಗೆ ಗ್ಲಾಸ್ಗೋದ ಫ್ರಾಂಜ್ ಫರ್ಡಿನಾಂಡ್ ಕಳಿಸ್ತೀರಿ ಅಂತ ಇಟ್ಟುಕೊಳ್ಳಿ. ಹಳೆಯದೇ ಇರಲಿ, ಕೇಳದವನಿಗೆ ಎಲ್ಲವೂ ಹೊಸದೇ. 2004ರ 'ಟೇಕ್ ಮಿ ಔಟ್' ಹಾಡು. ನಾನಾದರೆ ಹೀಗೆ ಬರೆಯುತ್ತೇನೆ:

"ನೀನು ಗಣಪತಿ ಮುಂದೆ ಬೀಟ್ ಬದಲಾದ ತಕ್ಷಣ ಹೆಜ್ಜೆ ಬದಲಿಸ್ತೀಯಲ್ಲ, ಅದಕ್ಕೇ ಇದು ನಿನಗೆ. ಶುರುವಿನಲ್ಲಿ ಸುಮ್ನೆ ಓಡುತ್ತದೆ, ಮಾಮೂಲಿ ಅನ್ಸುತ್ತೆ. ಒಂದು ನಿಮಿಷದ ಹೊತ್ತಿಗೆ ಓಟ ನಿಧಾನ ಆಗುತ್ತಾ ಬಂದು ಭಾರದ ಬೀಟ್ ಹಿಡಿಯುತ್ತದೆ. ಅಲ್ಲೀತನ ಕೇಳು. ಸೇರದಿದ್ದರೆ ಬಂದ್ ಮಾಡು, ಯಾಕೆ ಅಂತ ನಾನು ಕೇಳೋದಿಲ್ಲ."

ಕೊನೆಯ ಮಾತು ಮುಖ್ಯ. ಬೇಡ ಅನ್ನೋಕೆ ಜಾಗ ಬಿಟ್ಟರೆ ಜನ ಧೈರ್ಯವಾಗಿ ಕೇಳುತ್ತಾರೆ. ಮಾರನೇ ದಿನ ಹೋಗಿ "ಕೇಳಿದ್ಯಾ, ಹೆಂಗಿತ್ತು" ಅಂತ ಬೆನ್ನು ಹತ್ತಬೇಡಿ. ಸಾಲ ವಸೂಲಿಗೆ ಬಂದ ಹಾಗೆ ಆಗುತ್ತದೆ. ಬ್ಯಾಂಡಿನ ಚರಿತ್ರೆಯನ್ನೂ ಬರೆಯಬೇಡಿ. ಡ್ರಮ್ಮರ್ ಯಾವಾಗ ಬಿಟ್ಟ, ಮೊದಲು ಯಾವ ಲೇಬಲ್ಲಿನಲ್ಲಿ, ಅಂದರೆ ರೆಕಾರ್ಡ್ ಕಂಪನಿಯಲ್ಲಿ, ಇದ್ದರು ಅನ್ನೋದೆಲ್ಲ ಹಾಡು ಮನಸ್ಸಿಗೆ ಹತ್ತಿದ ಮೇಲೆ ಅವನೇ ಕೇಳುತ್ತಾನೆ.

ಇನ್ನೊಂದು ಸಂಗತಿಯ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಾನು ಸೌಂಡ್ ಕೆಲಸ ಮಾಡೋನು, ಇದು ನನ್ನ ಕಸುಬಿನ ಮಾತು. ಗೆಳೆಯ ಯಾವುದರಲ್ಲಿ ಕೇಳುತ್ತಾನೆ ಅನ್ನೋದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ನೀವು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದನ್ನು ಅವನು ಬಸ್ ಸ್ಟ್ಯಾಂಡಿನಲ್ಲಿ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೇಳಿರುತ್ತಾನೆ. ಅದು ಅದೇ ಹಾಡಲ್ಲ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಮಿಡಿಯೋದು 41 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 41 ಸಲ. ಅಂಗೈಯಗಲದ ಮೊಬೈಲಿಗೆ ಅಷ್ಟು ಕೆಳಗಿನ ನಾದ ಹೊರಡಿಸೋ ತಾಕತ್ತಿಲ್ಲ. ಹಾಡಿನ ಜೀವ ಬೇಸಿನಲ್ಲೇ ಇದ್ದರೆ ಅವನಿಗೆ ಸಿಕ್ಕಿದ್ದು ಬರೀ ಚರಚರ ಗಿಟಾರು. ಗದ್ದಲ ಅನ್ನದೆ ಇನ್ನೇನು ಅಂತಾನೆ? ಮೊಬೈಲಿನಲ್ಲೇ ಕೇಳೋ ಗೆಳೆಯನಿಗೆ ಬೇಸ್ ಮೇಲೆ ನಿಂತ ಹಾಡು ಕಳಿಸಬೇಡಿ. ಇಲ್ಲವೇ ಮ್ಯಾಂಚೆಸ್ಟರಿನ ಜಾಯ್ ಡಿವಿಷನ್ ಥರದ್ದು ಕಳಿಸಿ. ಆ ಬ್ಯಾಂಡಿನ ಪೀಟರ್ ಹುಕ್ ಬೇಸನ್ನು ಮೇಲಿನ ಸ್ವರಗಳಲ್ಲಿ ನುಡಿಸುತ್ತಿದ್ದ. ಪಕ್ಕದ ಗಿಟಾರ್ ಆ್ಯಂಪ್ಲಿಫೈಯರಿನ ಸದ್ದಿನಲ್ಲಿ ತನ್ನದು ತನಗೇ ಕೇಳಿಸಲಿ ಅಂತ. ಅದರಿಂದ ಇವತ್ತು ಮೊಬೈಲಿನಲ್ಲಿ ಕೇಳೋರಿಗೂ ಅನುಕೂಲ ಆಗಿದೆ.

ರೂಮಿನಲ್ಲಿ ಇಬ್ಬರು ಒಂದೇ ಇಯರ್‌ಫೋನ್ ಹಂಚಿಕೊಳ್ಳೋದನ್ನು ನೋಡಿರ್ತೀರಿ. ಒಂದು ನನ್ನ ಕಿವಿಗೆ, ಒಂದು ನಿನ್ನ ಕಿವಿಗೆ. ಸ್ನೇಹಕ್ಕೆ ಚೆಂದ, ಸಂಗೀತಕ್ಕೆ ಕೆಟ್ಟದ್ದು. ಈ ಬಗೆಯ ಸಂಗೀತದಲ್ಲಿ ಒಂದು ಗಿಟಾರನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಡೋದು ವಾಡಿಕೆ. ಎಡದವರು ಪ್ರಶ್ನೆ ಕೇಳಿದರೆ ಬಲದವರು ಉತ್ತರ ಕೊಡುತ್ತಿರುತ್ತಾರೆ. ಒಬ್ಬನಿಗೆ ಬರೀ ಪ್ರಶ್ನೆ, ಇನ್ನೊಬ್ಬನಿಗೆ ಬರೀ ಉತ್ತರ ಸಿಕ್ಕಿ ಇಬ್ಬರೂ ಬೇರೆ ಬೇರೆ ಹಾಡು ಕೇಳಿ ಏಳುತ್ತಾರೆ. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ 'ಮೋನೋ ಆಡಿಯೋ' ಅಂತ ಇರುತ್ತದೆ. ಹಂಚಿ ಕೇಳೋವಾಗ ಅದನ್ನು ಆನ್ ಮಾಡಿ, ಎರಡೂ ಕಡೆಯದು ಎರಡೂ ಕಿವಿಗೆ ಬರುತ್ತದೆ. ಆಮೇಲೆ ಆಫ್ ಮಾಡೋದು ಮರೀಬೇಡಿ. ಹಾಗೇ, ಮೊಬೈಲಿನ ಎದುರು ಹಾಡು ಹಾಕಿ ಅದನ್ನೇ ವಾಯ್ಸ್ ನೋಟ್ ಮಾಡಿ ಕಳಿಸೋ ಪುಣ್ಯಾತ್ಮರಿದ್ದಾರೆ. ವಾಯ್ಸ್ ನೋಟ್ ಮಾತಿಗೆ ಮಾಡಿದ್ದು. ಸಂಗೀತವನ್ನು ಅದು ಹಿಂಡಿ ಹಿಪ್ಪೆ ಮಾಡುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಒಟ್ಟಿಗೆ ಕೂತು ಕೇಳೋದು. ದೊಡ್ಡ ಏರ್ಪಾಡೇನೂ ಬೇಡ. ರವಿವಾರ ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಹಾಸಿಗೆ ಮೇಲೆ ಬಿದ್ದುಕೊಂಡಿರ್ತೀರಿ, ಅದೇ ಹೊತ್ತು. ಅಂಗೈಯಲ್ಲಿ ಹಿಡಿಯೋ ಬ್ಲೂಟೂತ್ ಡಬ್ಬಿಗಿಂತ ಎರಡು ಸ್ಪೀಕರಿನ ಹಳೆಯ ಕಂಪ್ಯೂಟರ್ ಸೆಟ್ ಸಿಕ್ಕರೂ ಅದೇ ಮೇಲು. ಎರಡರ ನಡುವೆ ನಾಲ್ಕೈದು ಅಡಿ ಬಿಡಿ. ಸೌಂಡು ಮಾತಾಡಿದರೆ ಮಾತು ಕೇಳಿಸೋವಷ್ಟೇ ಇರಲಿ. ಒಬ್ಬೊಬ್ಬರು ಒಂದೊಂದು ಹಾಡು. ಹಾಡು ಮುಗಿಯೋ ತನಕ ಹಾಕಿದವನು ಬಾಯಿ ಬಿಡಬಾರದು. ಇದು ಕಷ್ಟ. "ಈಗ ಬರ್ತದ ನೋಡು, ಈಗ ಬರ್ತದ" ಅಂತ ಮೊಣಕೈ ತಿವಿಯೋದು ನಮಗೆಲ್ಲ ಇರೋ ಚಾಳಿ. ತಿವಿಯಬೇಡಿ.

ಮತ್ತೆ, ಬೇಕಾದರೆ ಎರಡು ಸಲ ಹಾಕಿ. ಬಿಬಿಸಿ ರೇಡಿಯೋ 1ರಲ್ಲಿ 1967ರಿಂದ 2004ರಲ್ಲಿ ತೀರಿಹೋಗೋ ತನಕ ಜಾನ್ ಪೀಲ್ ಅನ್ನೋ ನಿರೂಪಕರು ರಾತ್ರಿ ಹೊತ್ತು ಯಾರೂ ಕೇಳದ ಬ್ಯಾಂಡ್‌ಗಳನ್ನು ಹುಡುಕಿ ಹಾಕುತ್ತಿದ್ದರು. 1978ರಲ್ಲಿ ಉತ್ತರ ಐರ್ಲೆಂಡಿನ ಡೆರಿಯ ಹುಡುಗರು, ದಿ ಅಂಡರ್‌ಟೋನ್ಸ್, ಒಂದು ಹಾಡು ತಂದರು. ಎರಡೂವರೆ ನಿಮಿಷದ್ದು. ಪೀಲ್ ಅದನ್ನು ಹಾಕಿದರು, ಮುಗಿದ ಕೂಡಲೇ ಅದನ್ನೇ ಮತ್ತೊಮ್ಮೆ ಹಾಕಿದರು. ಅದಕ್ಕಿಂತ ದೊಡ್ಡ ಶಿಫಾರಸು ಬೇಕಾ? ಹೊಸ ಹಾಡು ಮೊದಲ ಸಲಕ್ಕೆ ಬರೀ ಪರಿಚಯ ಹೇಳಿಕೊಂಡು ಹೋಗುತ್ತದೆ.

ಗೆಳೆಯರು ಹಾಕಿದ್ದನ್ನೂ ನೀವು ಅಷ್ಟೇ ಶ್ರದ್ಧೆಯಿಂದ ಕೇಳಬೇಕು. ಮುಯ್ಯಿ ಮಾಡಿದಷ್ಟೇ ತಿರುಗಿ ಬರೋದು. ಅವನು ಟ್ರ್ಯಾಕ್ಟರ್ ಮೇಲೆ ಬಡಿಯೋ ಜನಪದ ಡಿಜೆ ಹಾಡು ಹಾಕಿದಾಗ ನೀವು ಮೊಬೈಲ್ ನೋಡ್ತಾ ಕೂತರೆ, ನಿಮ್ಮ ಬ್ಯಾಂಡ್ ಬಂದಾಗ ಅವನೂ ಮೊಬೈಲ್ ನೋಡುತ್ತಾನೆ. ಇಂಡೀ ಕೇಳೋರಲ್ಲಿ ಒಂದು ಸಣ್ಣ ಸೊಕ್ಕು ಇರುತ್ತದೆ, ನನಗೂ ಇದೆ. "ಇವರು ಫೇಮಸ್ ಆಗೋ ಮುಂಚೆ ನಾನು ಕೇಳಿದ್ದೆ" ಅನ್ನೋದು. ಅದನ್ನು ರೂಮಿನ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬನ್ನಿ.

ಪ್ಲೇಲಿಸ್ಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಎಂಬತ್ತು ಹಾಡಿನ ಪ್ಲೇಲಿಸ್ಟ್ ಯಾರೂ ಕೇಳೋದಿಲ್ಲ. ಕ್ಯಾಸೆಟ್ ಕಾಲದಲ್ಲಿ ಅಂಗಡಿಗೆ ಹಾಡಿನ ಚೀಟಿ ಕೊಟ್ಟು ತುಂಬಿಸ್ಕೊಂಡು ಬರುತ್ತಿದ್ದೆವು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಮೂವತ್ತೇ ನಿಮಿಷ, ಏಳೆಂಟು ಹಾಡು. ಯಾವುದು ಬಿಡಬೇಕು ಅಂತ ತಲೆ ಕೆಡಿಸಿಕೊಳ್ಳಲೇಬೇಕಿತ್ತು. ಈಗಲೂ ಮೂವತ್ತು ನಿಮಿಷಕ್ಕೆ ಕತ್ತರಿಸಿ. ಎಲ್ಲರೂ ಸೇರಿಸಬಹುದಾದ ಹಂಚಿಕೆಯ ಪ್ಲೇಲಿಸ್ಟ್ ಮಾಡಿದರೆ ಒಂದೇ ನಿಯಮ ಇಡಿ. ಒಂದು ಹಾಡು ಹಾಕಬೇಕಾದರೆ ತನ್ನದೇ ಒಂದು ಹಾಡು ತೆಗೆಯಬೇಕು.

ನಮ್ಮ ಭಾಗದಲ್ಲಿ ಕೇಳೋರೇ ಇಲ್ವಾ ಅಂದಿರಿ. ಇದ್ದಾರೆ, ಬೋರ್ಡ್ ಹಾಕಿಕೊಂಡು ಕೂತಿಲ್ಲ ಅಷ್ಟೇ. ಗಿಟಾರ್ ತಂತಿ ಮಾರೋ ಅಂಗಡಿಯಲ್ಲಿ ಐದು ನಿಮಿಷ ನಿಲ್ಲಿ, ಯಾರು ಬರ್ತಾರೆ ನೋಡಿ. ಇಂಜಿನಿಯರಿಂಗ್ ಕಾಲೇಜುಗಳ ಯುವಜನೋತ್ಸವಕ್ಕೆ ಹೋಗಿ, ಪಾಶ್ಚಾತ್ಯ ಸಂಗೀತದ ಸ್ಪರ್ಧೆ ನಡೆಯೋವಾಗ ವೇದಿಕೆಗಿಂತ ವೇದಿಕೆ ಪಕ್ಕ ನಿಂತವರನ್ನು ಮಾತಾಡಿಸಿ. ಬೆಳಗಾವಿಯ ಕ್ಯಾಂಪ್ ಕಡೆಯ ಚರ್ಚುಗಳಲ್ಲಿ ಗಿಟಾರ್, ಕೀಬೋರ್ಡ್ ಹಿಡಿಯೋ ಹುಡುಗರನ್ನು ಕೇಳಿ. ಇಂಥ ಇಬ್ಬರು ಸಿಕ್ಕರೂ ಸಾಕು. ದೊಡ್ಡ ಊರಿನಲ್ಲಿಲ್ಲ ಅಂತ ಕೊರಗಬೇಡಿ. ಅಮೆರಿಕದ ಒಲಿಂಪಿಯಾ ಅನ್ನೋ ಸಣ್ಣ ಊರಿನಲ್ಲಿ ಬ್ರೂಸ್ ಪ್ಯಾವಿಟ್ ಅನ್ನೋ ಕಾಲೇಜು ಹುಡುಗ 1980ರಲ್ಲಿ ತನಗೆ ಸಿಕ್ಕ ಬ್ಯಾಂಡ್‌ಗಳ ಬಗ್ಗೆ ಒಂದು ಪುಟ್ಟ ಪತ್ರಿಕೆ ಶುರು ಮಾಡಿದ. ಕೆಲವು ಸಂಚಿಕೆಗಳನ್ನು ಕ್ಯಾಸೆಟ್ ರೂಪದಲ್ಲೇ ತಂದ, ಓದೋದರ ಬದಲು ಕೇಳಲಿ ಅಂತ. ಅದೇ ಮುಂದೆ ಸಿಯಾಟಲ್‌ನಲ್ಲಿ 1986ರಲ್ಲಿ ಸಬ್ ಪಾಪ್ ಅನ್ನೋ ಲೇಬಲ್ ಆಯಿತು. ನಿರ್ವಾಣ ಬ್ಯಾಂಡಿನ ಮೊದಲ ಸಿಂಗಲ್ 1988ರಲ್ಲಿ ಬಂದಿದ್ದು ಅಲ್ಲಿಂದಲೇ. ಅವನು ಶುರುವಿನಲ್ಲಿ ಮಾಡಿದ್ದೂ ನೀವು ರಾತ್ರಿ ಮಾಡೋದೂ ಬೇರೆ ಏನಲ್ಲ.

ಕೊನೆಗೆ ನಿಮ್ಮ ಮೂರನೇ ಪ್ರಶ್ನೆ, ಉಪಯೋಗದ್ದು. ಇಂಡೀ ಅಂದರೇ ದೊಡ್ಡ ಕಂಪನಿಯ ದುಡ್ಡಿಲ್ಲದೆ ನಡೆಯೋದು. 1977ರಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ 500 ಪೌಂಡ್ ಸಾಲ ಎತ್ತಿ ತಮ್ಮ ಮೊದಲ ರೆಕಾರ್ಡಿನ ಸಾವಿರ ಪ್ರತಿ ತಾವೇ ಮಾಡಿಸಿದ್ದರು. ಸಾವಿರ ಅನ್ನೋ ಸಂಖ್ಯೆ ಇವತ್ತಿಗೂ ಕಾಡುತ್ತದೆ. ಹಾಡು ಕೇಳೋ ಆ್ಯಪ್ ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಸಾವಿರ ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ರಾಯಲ್ಟಿ ಲೆಕ್ಕವೇ ಇಲ್ಲ. 30 ಸೆಕೆಂಡು ಕೇಳಿದರೆ ಒಂದು ಸಲ ಅಂತ ಹಿಡಿಯುತ್ತಾರೆ. ಈಗ ಲೆಕ್ಕ ಹಾಕಿ. ಇಪ್ಪತ್ತು ಜನ, ತಿಂಗಳಿಗೆ ಐದು ಸಲ, ಹತ್ತು ತಿಂಗಳು. ಸಾವಿರ ಆಯಿತು. ಟಿಳಕವಾಡಿಯ ಎರಡು ಮೂರು ರೂಮುಗಳು ಮನಸ್ಸು ಮಾಡಿದರೆ ಎಲ್ಲೋ ಇರೋ ಒಂದು ಬ್ಯಾಂಡಿನ ಹಾಡು ಆ ಗೆರೆ ದಾಟುತ್ತದೆ. ಆದರೆ ರಾತ್ರಿಯೆಲ್ಲ ಮೊಬೈಲನ್ನು ಮ್ಯೂಟ್ ಮಾಡಿ ಸುಮ್ನೆ ಓಡಿಸೋ ಚಲಾಕಿ ಬೇಡ. ಅಂಥದ್ದು ಸಿಕ್ಕಿಬಿದ್ದರೆ ತೊಂದರೆ ಆಗೋದು ಬ್ಯಾಂಡಿಗೇ.

ಸ್ವಲ್ಪ ಖರ್ಚು ಮಾಡೋ ಮನಸ್ಸಿದ್ದರೆ ಬ್ಯಾಂಡ್‌ಕ್ಯಾಂಪ್ ಅನ್ನೋ, ಬ್ಯಾಂಡ್‌ಗಳೇ ಹಾಡು ಮಾರೋ ವೆಬ್‌ಸೈಟಿನಲ್ಲಿ ಹಾಡು ಕೊಳ್ಳಿ. ಅಲ್ಲಿ ಡಿಜಿಟಲ್ ಹಾಡಿಗೆ ಅವರು ಹಿಡಿಯೋ ಪಾಲು ಶೇ. 15. ಪಾವತಿ ಖರ್ಚು ಕಳೆದು ಉಳಿದದ್ದು ಬ್ಯಾಂಡಿಗೆ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಶುರುವಾದ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತಾರೆ. ನಿಮ್ಮ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ಚಾಲೂ ಇದೆಯಾ ಅಂತ ಮೊದಲು ಬ್ಯಾಂಕ್ ಆ್ಯಪಿನಲ್ಲಿ ನೋಡಿಕೊಳ್ಳಿ. ಬ್ಯಾಂಡ್‌ಕ್ಯಾಂಪಿನಲ್ಲಿ ಊರಿನ ಹೆಸರು ಹಿಡಿದು ಬ್ಯಾಂಡ್ ಹುಡುಕೋದಕ್ಕೂ ಬರುತ್ತದೆ. ಪುಣೆ, ಗೋವಾ, ಬೆಂಗಳೂರು ಅಂತ ಹುಡುಕಿ ನೋಡಿ. ಕೇಳಿದ ಮೇಲೆ ಅವರಿಗೆ ಎರಡು ಸಾಲು ಬರೆಯಿರಿ. ಸಣ್ಣ ಬ್ಯಾಂಡಿನವರು ಬಂದ ಸಂದೇಶ ಓದುತ್ತಾರೆ. ಬೆಳಗಾವಿಯಲ್ಲಿ ನಾವು ಐದು ಜನ ಕೇಳ್ತೀವಿ, ಪುಣೆಯಲ್ಲಿ ಯಾವಾಗ ನುಡಿಸ್ತೀರಿ ಅಂತ ಕೇಳಿ. ಶನಿವಾರದ ಕಾರ್ಯಕ್ರಮ ಇದ್ದರೆ ಶುಕ್ರವಾರ ರಾತ್ರಿ ಊಟ ಮಾಡಿ ಬಸ್ ಹತ್ತಿದರಾಯಿತು, ಸೋಮವಾರದ ಶಿಫ್ಟಿಗೆ ವಾಪಸ್. ಟಿಕೆಟ್ ಮಾಡಿಸೋವಾಗ ಆ ಗದ್ದಲ ಅಂದ ಗೆಳೆಯನಿಗೂ ಒಂದು ಸೀಟು ಹಿಡಿಯಿರಿ. ಅಲ್ಲಿನ ಸ್ಪೀಕರಿನಲ್ಲಿ ಬೇಸ್ ಅವನಿಗೆ ಕೇಳಿಸುತ್ತದೆ.